ಒಬ್ಬರೇ ಕೂರುವ ವಿದ್ಯುತ್ ವಿಮಾನಕ್ಕೆ ಯಾವ ಬ್ಯಾಟರಿ ಒಳ್ಳೆಯದು?

ನಿಮ್ಮ ವಿಮಾನಕ್ಕೆ ನೇರ ಹಾರಾಟದಲ್ಲಿ 8 ಕಿಲೋವ್ಯಾಟ್, ಮೇಲೇರುವಾಗ 20 ಕಿಲೋವ್ಯಾಟ್ ಬೇಕು, ಅರ್ಧ ಗಂಟೆ ಹಾರಿದರೆ ಸಾಕು. ಲಿಥಿಯಂ ಬ್ಯಾಟರಿಗಳಾದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್), ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್), ಲಿಪೊ (ಲಿಥಿಯಂ ಪಾಲಿಮರ್) ಇವುಗಳಲ್ಲಿ ಯಾವುದನ್ನು ಹಾಕಲಿ ಎಂದು ಕೇಳಿದ್ದೀರಿ. ಹೆಚ್ಚು ಕರೆಂಟ್ ಕೊಡಬಲ್ಲ ಎನ್‌ಎಂಸಿ ಮಾದರಿಯ 21700 ಸೆಲ್‌ಗಳನ್ನೇ (21 ಮಿ.ಮೀ. ದಪ್ಪ, 70 ಮಿ.ಮೀ. ಉದ್ದದ ಕೊಳವೆಯಾಕಾರದವು) ಹಾಕಿ ಎನ್ನುತ್ತೇನೆ.

ಬ್ಯಾಟರಿ ಪ್ಯಾಕ್ ಜೋಡಿಸುವುದು ನನ್ನ ಕೆಲಸ. ಕೇಳಿ ಬರುವವರಲ್ಲಿ ಹೆಚ್ಚಿನವರು ಕಿಲೋಗೆ ಎಷ್ಟು ವ್ಯಾಟ್-ಅವರ್ ಎಂಬ ಒಂದೇ ಅಂಕಿ ನೋಡಿಕೊಂಡು ಸೆಲ್ ಆರಿಸಿರುತ್ತಾರೆ. ವಿಮಾನಕ್ಕೆ ಅದು ಸಾಲದು. ಇಳಿಯಲು ಬಂದಿದ್ದೀರಿ, ಚಾರ್ಜ್ ಶೇ 20ಕ್ಕೆ ಇಳಿದಿದೆ, ರನ್‌ವೇಗೆ ಯಾರೋ ಅಡ್ಡ ಬಂದರು, ಮತ್ತೆ ಮೇಲೇರಬೇಕು. ಆ ಕ್ಷಣದಲ್ಲಿ ಪೂರ್ತಿ 20 ಕಿಲೋವ್ಯಾಟ್ ಸಿಗುತ್ತದೆಯೇ? ಸೆಲ್ ಆರಿಸಬೇಕಾದದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು.

ಲೆಕ್ಕ ಹಾಕೋಣ. ಅರ್ಧ ಗಂಟೆಗೆ 4 ಕಿಲೋವ್ಯಾಟ್-ಅವರ್, ಮೂರು ನಿಮಿಷ ಮೇಲೇರಲು 1, ಕಾಲು ಗಂಟೆಯ ಮೀಸಲಿಗೆ 2. ಒಟ್ಟು 7. ಬ್ಯಾಟರಿಯ ಶೇ 80ರಷ್ಟನ್ನು ಮಾತ್ರ ನಂಬುವುದಾದರೆ ಸುಮಾರು 9 ಕಿಲೋವ್ಯಾಟ್-ಅವರ್ ಬೇಕು. 70 ಗ್ರಾಂ ತೂಗುವ, 4.2 ಆಂಪಿಯರ್-ಅವರ್‌ನ ಪವರ್ ಸೆಲ್‌ಗಳನ್ನು (ಹೆಚ್ಚು ಕರೆಂಟ್ ಕೊಡುವಂಥವು) ಒಂದರ ಹಿಂದೊಂದು 28ರ ಸರಣಿ ಮಾಡಿ, ಅಂಥ 22 ಸಾಲುಗಳನ್ನು ಸಮಾನಾಂತರವಾಗಿ ಜೋಡಿಸಿದರೆ 616 ಸೆಲ್, 43 ಕಿಲೋ. ಪೆಟ್ಟಿಗೆ, ತಾಮ್ರದ ಪಟ್ಟಿ, ಬಿಎಂಎಸ್ (ಸೆಲ್‌ಗಳ ಮೇಲೆ ಕಣ್ಣಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಎಲ್ಲ ಸೇರಿ 55 ಕಿಲೋ ದಾಟುತ್ತದೆ. ಚಾರ್ಜ್ ಕಡಿಮೆಯಾಗಿ ಪ್ರತಿ ಸೆಲ್ 3.1 ವೋಲ್ಟ್‌ಗೆ ಕುಸಿದಾಗ 20 ಕಿಲೋವ್ಯಾಟ್‌ಗೆ ಒಟ್ಟು 230 ಆಂಪಿಯರ್ ಬೇಕು, ಅಂದರೆ ಸೆಲ್‌ಗೆ ಹತ್ತೂವರೆ. ಈ ಸೆಲ್‌ಗೆ ಅದು ದೊಡ್ಡ ಹೊರೆಯೇ ಅಲ್ಲ. ಅದೇ ಜಾಗದಲ್ಲಿ 5 ಆಂಪಿಯರ್-ಅವರ್‌ನ ‘ಎನರ್ಜಿ’ ಸೆಲ್‌ಗಳನ್ನು (ಹೆಚ್ಚು ಚಾರ್ಜ್ ಹಿಡಿಯುವ, ಆದರೆ ಕಡಿಮೆ ಕರೆಂಟ್ ಕೊಡುವಂಥವು) ಹಾಕಿದರೆ 18 ಸಾಲು ಸಾಕು, ಸುಮಾರು ಎಂಟು ಕಿಲೋ ಉಳಿಯುತ್ತದೆ. ಆದರೆ ಪ್ರತಿ ಸೆಲ್ ಸುಮಾರು 13 ಆಂಪಿಯರ್ ಕೊಡಬೇಕಾಗುತ್ತದೆ. ಅಂಥ ಹಲವು ಸೆಲ್‌ಗಳ ನಿರಂತರ ಮಿತಿ ಏಳೆಂಟು ಆಂಪಿಯರ್ ಮಾತ್ರ. ಉಳಿಸಿದ ತೂಕಕ್ಕೆ ನೀವು ತೆರುವ ಬೆಲೆ ಇದು.

ಎಲ್‌ಎಫ್‌ಪಿ ಬಗ್ಗೆ ನನಗೆ ಗೌರವವಿದೆ. ಸುಲಭಕ್ಕೆ ಬೆಂಕಿಗೆ ಜಾರುವುದಿಲ್ಲ, ಸಾವಿರಾರು ಸಲ ಚಾರ್ಜ್ ಆಗುತ್ತದೆ. ಆದರೆ ಇಷ್ಟೇ ಶಕ್ತಿಗೆ ಇನ್ನೂ ಇಪ್ಪತ್ತು ಕಿಲೋ ಹೊರಬೇಕು. ಅದರ ವೋಲ್ಟೇಜ್ ಬಹುಪಾಲು ಒಂದೇ ಮಟ್ಟದಲ್ಲಿರುವುದರಿಂದ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ಒಳಹೋದ, ಹೊರಬಂದ ಕರೆಂಟನ್ನು ಎಣಿಸುತ್ತಲೇ ಇರಬೇಕು. ಲಿಪೊ ಕರೆಂಟ್ ಕೊಡುವುದರಲ್ಲಿ ಧಾರಾಳಿ, ಆದರೆ ಬೇಗ ಮುಪ್ಪಾಗಿ ಉಬ್ಬಿಕೊಳ್ಳುತ್ತದೆ. ಮನುಷ್ಯ ಕೂರುವ ವಿಮಾನಕ್ಕೆ ನಾನು ಹಾಕುವುದಿಲ್ಲ.

2020ರಲ್ಲಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ವಿಮಾನವನ್ನು ಗಮನಿಸಿ. ಅದರ ಒಂದು ಬ್ಯಾಟರಿ ಮೂಗಿನಲ್ಲಿ, ಇನ್ನೊಂದು ಕ್ಯಾಬಿನ್ ಹಿಂದೆ. ಒಂದು ಕೆಟ್ಟರೆ ತಾನಾಗಿಯೇ ಸಂಪರ್ಕ ಕಡಿದುಕೊಳ್ಳುತ್ತದೆ, ಉಳಿದದ್ದರಲ್ಲಿ ಹಾರಾಟ ಮುಂದುವರಿಸಬಹುದು. ನೀವೂ 22 ಸಾಲುಗಳನ್ನು ಹನ್ನೊಂದು ಹನ್ನೊಂದಾಗಿ ಒಡೆದು ಎರಡು ಪ್ರತ್ಯೇಕ ಪ್ಯಾಕ್ ಮಾಡಿ. ಒಂದು ಸೆಲ್ ಸಿಡಿದರೆ ಬಿಸಿ ಅನಿಲ ನಿಮ್ಮ ಕಡೆಗೆ ಬಾರದೆ ಹೊರಗೆ ಹೋಗಲು ದಾರಿ ಇರಲೇಬೇಕು. ಇದರಲ್ಲಿ ಮಾತ್ರ ಗ್ರಾಂಗಳ ಜಿಪುಣತನ ಬೇಡ. ಸೆಲ್ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದಾಗ ಚಾರ್ಜ್ ಮಾಡಬೇಡಿ, ಒಳಗೆ ಲಿಥಿಯಂ ಲೋಹವಾಗಿ ಕೂತುಬಿಡುತ್ತದೆ.

ಹಾರುವ ಮೊದಲು ನೆಲದ ಮೇಲೆಯೇ ಒಂದು ಪರೀಕ್ಷೆ ಮಾಡಿ. ಪ್ಯಾಕನ್ನು ಶೇ 20ಕ್ಕೆ ಇಳಿಸಿ, ತಣ್ಣಗಾಗಲು ಬಿಟ್ಟು, ಎರಡು ನಿಮಿಷ 20 ಕಿಲೋವ್ಯಾಟ್ ಎಳೆಯಿರಿ. ಸೆಲ್ ತಯಾರಕರು ಹೇಳಿದ ಕನಿಷ್ಠ ವೋಲ್ಟೇಜ್‌ನ ಹತ್ತಿರ ಸುಳಿದರೂ ಇನ್ನೆರಡು ಸಾಲು ಸೇರಿಸಿ. ಐದು ಕಿಲೋ ಹೆಚ್ಚಾಗುತ್ತದೆ, ಆಗಲಿ. ಪ್ಯಾಕ್ ಹಳೆಯದಾದಂತೆ ಒಳರೋಧ (ಕರೆಂಟ್‌ಗೆ ಸೆಲ್ ಒಳಗೇ ಆಗುವ ತಡೆ) ಏರುತ್ತದೆ, ಹಾಗಾಗಿ ಇದೇ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಮಾಡಿ.