ಕಾನೂನು ಸಲಹೆ: ‘ಕೂತು ಮಾತಾಡಿ ಮುಗಿಸೋಣ ಎನ್ನುತ್ತಾರೆ’

ಪ್ರಶ್ನೆ: ನನ್ನ ತಂಗಿಯ ಮಗಳಿಗೆ 22 ವರ್ಷ. ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದುಕೊಂಡು, ಅಂಧೇರಿಯಲ್ಲಿ ಏಳೇ ಜನರಿರುವ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು. ಒಂಬತ್ತು ದಿನಗಳ ಹಿಂದೆ, ಉಳಿದವರು ಹೋದ ಮೇಲೆ, ಮಾಲೀಕ ಅವಳ ಮೇಲೆ ಅತ್ಯಾಚಾರ ಮಾಡಿದ್ದಾನೆ. ಹೆದರಿ ಕಲ್ಲಿನಂತಾಗಿದ್ದೆ, ಕೂಗಲೂ ಆಗಲಿಲ್ಲ ಎನ್ನುತ್ತಾಳೆ. ಮನೆಗೆ ಬಂದು ಸ್ನಾನ ಮಾಡಿ ಬಟ್ಟೆ ಒಗೆದಿದ್ದಾಳೆ. ನಮಗೆ ಹೇಳಿದ್ದು ಮೊನ್ನೆ. ಆತ ನಮ್ಮ ಊರಿನ ಕಡೆಯವನೇ. ಕೂತು ಮಾತಾಡಿ ಮುಗಿಸೋಣ, ಹುಡುಗಿಗೆ ಮದುವೆಯಾಗಬೇಕಲ್ಲ ಎಂದು ಹಿರಿಯರು ಹೇಳುತ್ತಾರೆ. ನಮಗೆ ಮರಾಠಿ ಅಷ್ಟಕ್ಕಷ್ಟೇ. ಈಗ ದೂರು ಕೊಟ್ಟರೆ ನಿಲ್ಲುತ್ತದೆಯೇ?
– ಹೆಸರು ಬೇಡ, ಡೊಂಬಿವಲಿ

ಉತ್ತರ: (ಈ ಉತ್ತರವನ್ನು ಪತ್ರ ಕೈಸೇರಿದ ದಿನವೇ ನಿಮಗೆ ತಲುಪಿಸಿದ್ದೇವೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ, ಉಳಿದ ಓದುಗರಿಗಾಗಿ ಇಲ್ಲಿ ಅಚ್ಚುಮಾಡುತ್ತಿದ್ದೇವೆ.)

ನಿಲ್ಲುತ್ತದೆ. ಅತ್ಯಾಚಾರದ ದೂರಿಗೆ ಕಾನೂನಿನಲ್ಲಿ ಕಾಲಮಿತಿಯಿಲ್ಲ. ತಡವಾದದ್ದು ಏಕೆ ಎಂಬುದನ್ನು, ಅಂದರೆ ಭಯ, ನಾಚಿಕೆ, ಹಿರಿಯರ ಮಾತು, ಎಲ್ಲವನ್ನೂ ಮುಚ್ಚಿಡದೆ ದೂರಿನಲ್ಲಿಯೇ ಬರೆಸಿ. ಕೂಗಲಿಲ್ಲ ಎಂಬುದೂ ಅವಳ ವಿರುದ್ಧದ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಮಿನ ಪ್ರಕಾರ ಒಪ್ಪಿಗೆಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಸಂಶಯಕ್ಕೆ ಎಡೆಯಿಲ್ಲದಂತೆ ಸ್ವಇಚ್ಛೆಯಿಂದ ತಿಳಿಸಿದ ಸಮ್ಮತಿ. ಮೈಬಲದಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಹೆಣ್ಣು ಒಪ್ಪಿದ್ದಳೆಂದು ತಿಳಿಯಕೂಡದೆಂದು ಅಲ್ಲಿಯೇ ಬರೆದಿದೆ. ಈ ಸಾಲು ನಮ್ಮ ಕಾನೂನಿಗೆ ಸುಮ್ಮನೆ ಬಂದದ್ದಲ್ಲ. ಇದೇ ಮಹಾರಾಷ್ಟ್ರದಲ್ಲಿ 1972ರಲ್ಲಿ ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಹುಡುಗಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ, ಮೈಮೇಲೆ ಗಾಯವಿಲ್ಲ, ಪ್ರತಿರೋಧ ಕಾಣುವುದಿಲ್ಲ ಎಂದು ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಿತ್ತು. ಆ ತೀರ್ಪಿನ ವಿರುದ್ಧ ಎದ್ದ ಕೂಗಿನಿಂದಲೇ 1983ರಲ್ಲಿ ಕಾನೂನು ಮೊದಲ ಬಾರಿ ಬದಲಾಯಿತು.

ಠಾಣೆಗೆ ಹೋಗುವ ಮೊದಲು, ಅಥವಾ ಅದರ ಜೊತೆಗೇ, ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸರ ಚೀಟಿ ತನ್ನಿ ಎಂದು ಯಾವ ವೈದ್ಯರೂ ಹೇಳುವಂತಿಲ್ಲ. 2000ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಅಂಥ ನಿರಾಕರಣೆಯನ್ನು ಸುಪ್ರೀಂ ಕೋರ್ಟು ಖಂಡಿಸಿದೆ. ಸರಕಾರಿಯಾಗಲಿ ಖಾಸಗಿಯಾಗಲಿ, ಚಿಕಿತ್ಸೆ ಉಚಿತವಾಗಿರಬೇಕು; ನಿರಾಕರಿಸಿದರೆ ಅದೇ ಅಪರಾಧ. ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ನಿಜ, ಆದರೆ ಪರೀಕ್ಷೆಗೆ ಒಪ್ಪಬೇಕಾದವಳು ಹುಡುಗಿ, ನೀವಲ್ಲ. ಹೆಣ್ಣಿಗೆ ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ಯೋನಿಯೊಳಗೆ ಬೆರಳಿಟ್ಟು ನೋಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಯನ್ನು ಮಾಡಲೇಬಾರದೆಂದು 2022ರಲ್ಲಿ ನ್ಯಾಯಾಲಯ ಮತ್ತೆ ಹೇಳಿದೆ. 72 ಗಂಟೆಯೊಳಗೆ ಹೋಗಿದ್ದರೆ ಎಚ್‌ಐವಿ ತಡೆಯುವ ಔಷಧಿ ಸಿಗುತ್ತಿತ್ತು. ಆ ಅವಧಿ ಮುಗಿದಿದೆ. ಆದರೂ ಸೋಂಕಿನ ಮತ್ತು ಗರ್ಭದ ಪರೀಕ್ಷೆ ಆಗಲೇಬೇಕು. ಒಗೆದ ಬಟ್ಟೆಯಲ್ಲೂ ಕೆಲವೊಮ್ಮೆ ಕುರುಹು ಉಳಿದಿರುತ್ತದೆ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದ ಚೀಲದಲ್ಲಿಡಿ. ಕಟ್ಟಡದ ಸಿಸಿಟಿವಿ ದೃಶ್ಯಗಳು ಹೆಚ್ಚು ದಿನ ಉಳಿಯುವುದಿಲ್ಲವಾದ್ದರಿಂದ ಇನ್ನು ತಡಮಾಡಬೇಡಿ, ಫೋನಿನ ಒಂದು ಸಂದೇಶವನ್ನೂ ಅಳಿಸಬೇಡಿ.

ಘಟನೆ ಅಂಧೇರಿಯದ್ದಾದರೂ ಡೊಂಬಿವಲಿಯ ಠಾಣೆಯವರು ‘ಝೀರೋ ಎಫ್‌ಐಆರ್’ ದಾಖಲಿಸಿ ಅಲ್ಲಿಗೆ ಕಳುಹಿಸಬೇಕು. ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಹೇಳಿಕೆಯನ್ನು ಹುಡುಗಿಯ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ ಪಡೆಯಬೇಕು. ಭಾಷೆಯ ವಿಷಯದಲ್ಲಿ ನನ್ನದೊಂದು ಮಾತು: ಅವಳು ಕನ್ನಡದಲ್ಲಿ ಹೇಳಿದ್ದು ಮರಾಠಿಗೆ ಇಳಿಯುವಾಗ ‘ಎಳೆದ’ ಎಂಬುದು ‘ಮುಟ್ಟಿದ’ ಎಂದಾಗಬಹುದು. ಎರಡೂ ಭಾಷೆ ಚೆನ್ನಾಗಿ ಬಲ್ಲ, ಆ ಮಾಲೀಕನ ಬಳಗಕ್ಕೆ ಸೇರದ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಬರೆದದ್ದನ್ನು ಓದಿಸಿ ಅರ್ಥಮಾಡಿಕೊಂಡ ಮೇಲೆಯೇ ಅವಳು ಸಹಿ ಹಾಕಲಿ. ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಹಿರಿಯರ ಮಾತಿಗೆ ಬರುತ್ತೇನೆ. ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧವಲ್ಲ. ಆ ಅಧಿಕಾರ ಯಾವ ಸಂಘಕ್ಕೂ ಇಲ್ಲ. ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಹೊನ್ನಾವರ ಸಮೀಪದ ಹಳದೀಪುರದಿಂದ ಮುಂಬಯಿಗೆ ಬಂದು ದಾದಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರಲ್ಲಿ, ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿಯೇ, ದೌರ್ಜನ್ಯ ನಡೆಯಿತು. ಲೈಂಗಿಕ ದಾಳಿಯ ಮಾತು ದೂರಿಗೆ ಬರಲಿಲ್ಲ. ಅಪರಾಧಿಗೆ ಶಿಕ್ಷೆಯಾದದ್ದು ದರೋಡೆ ಮತ್ತು ಕೊಲೆಯತ್ನಕ್ಕಾಗಿ, ಏಳು ವರ್ಷ. ಆ ದಾಳಿಯಲ್ಲಿ ಮೆದುಳಿಗೆ ಪೆಟ್ಟಾಗಿ ಅರುಣಾ 2015ರಲ್ಲಿ ಸಾಯುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ‘ಮಾನಭಂಗ’ ಎಂಬ ಶಬ್ದವನ್ನು ನಮ್ಮ ಪತ್ರಿಕೆಗಳು ಇನ್ನೂ ಬಿಟ್ಟಿಲ್ಲ. ಭಂಗವಾದ ಮಾನ ಹುಡುಗಿಯದ್ದೆಂದು ಒಪ್ಪಿಕೊಂಡೇ ಹಿರಿಯರು ಮದುವೆಯ ಮಾತೆತ್ತುತ್ತಾರೆ. ಸಂತ್ರಸ್ತೆಯ ಗುರುತನ್ನು ಪ್ರಕಟಿಸಿದವರಿಗೆ ಎರಡು ವರ್ಷದವರೆಗೆ ಜೈಲು ಇದೆ, ವಿಚಾರಣೆಯೂ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ ಎಂದು ಅವರಿಗೆ ತಿಳಿಸಿ. ದೂರು ಕೊಡಬೇಕೋ ಬೇಡವೋ ಎಂಬುದನ್ನು ಮಾತ್ರ ಅವಳನ್ನೇ ಕೇಳಿ.

ನೆರವಿಗೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಮುಂಬಯಿಯ ಹಲವು ಪಾಲಿಕೆ ಆಸ್ಪತ್ರೆಗಳಲ್ಲಿ ‘ದಿಲಾಸಾ’ ಕೇಂದ್ರಗಳಿವೆ. ಅಲ್ಲಿಯ ಆಪ್ತಸಮಾಲೋಚಕರು ಇಂಥ ಹುಡುಗಿಯರ ಮಾತು ಕೇಳಿಸಿಕೊಂಡು ಪಳಗಿದವರು. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ (15100). ರಾಜ್ಯದ ‘ಮನೋಧೈರ್ಯ’ ಯೋಜನೆಯ ಪರಿಹಾರಕ್ಕೂ ಅರ್ಜಿ ಅಲ್ಲಿಯೇ. ಕಚೇರಿಯಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವುದರಿಂದ, ಆರೋಪಿ ಮಾಲೀಕನೇ ಆಗಿರುವುದರಿಂದ, ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಜಿಲ್ಲೆಯ ಸ್ಥಳೀಯ ಸಮಿತಿಗೂ ಮೂರು ತಿಂಗಳೊಳಗೆ ದೂರು ಕೊಡಬಹುದು. ಪೊಲೀಸ್ ದೂರಿಗೆ ಅದು ಬದಲಿಯಲ್ಲ.

ಪ್ರಶ್ನೆ: ಗಂಡ ಬಲವಂತ ಮಾಡಿದರೆ ಅದಕ್ಕೆ ಕಾನೂನೇ ಇಲ್ಲವಂತೆ, ಹೌದೇ?
– ಓದುಗಳು, ವಾಶಿ

ಉತ್ತರ: ಅತ್ಯಾಚಾರದ ಕಲಮಿನಿಂದ 18 ದಾಟಿದ ಹೆಂಡತಿಯನ್ನು ಹೊರಗಿಟ್ಟಿರುವುದು ನಿಜ, ಅದು ನಮ್ಮ ಕಾನೂನಿನ ದೊಡ್ಡ ಕುಂದು ಎಂದೇ ನನ್ನ ಅಭಿಪ್ರಾಯ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಹಿಂಸೆಯೇ. ಠಾಣೆಗೆ ಹೋಗದೆ, ಈ ಕಾಯ್ದೆಯಡಿ ಸರಕಾರ ನೇಮಿಸಿರುವ ಸಂರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ ಪಡೆಯಬಹುದು. ನೀವು ಈಗಾಗಲೇ ಬೇರೆ ವಾಸವಾಗಿದ್ದರೆ, ವಿಚ್ಛೇದನ ಆಗದಿದ್ದರೂ, ಆತನ ಬಲವಂತ ಅಪರಾಧವೇ. ಎರಡರಿಂದ ಏಳು ವರ್ಷದವರೆಗೆ ಶಿಕ್ಷೆಯಿದೆ.