1522ರ ಬೈಬಲ್ ಚಿತ್ರದಲ್ಲಿ ಕಿರೀಟ ಚಿಕ್ಕದಾಗಿದ್ದು ಯಾಕೆ?

ಪೋಪ್‌ಗೆ ಎದುರು ನಿಂತ ಧರ್ಮಸುಧಾರಕ ಲೂಥರ್ ಅನುವಾದಿಸಿದ ಜರ್ಮನ್ ಹೊಸ ಒಡಂಬಡಿಕೆಯ (ಬೈಬಲ್‌ನ ಎರಡನೇ ಭಾಗ) ಎರಡು ಪುಟಗಳ ಫೋಟೋ ನೋಡಿದ್ದೀರಿ, ಎರಡೂ 1522ರವು. ಏಳು ತಲೆಯ ಮೃಗದ ಮೇಲೆ ಕೂತ ಹೆಂಗಸಿಗೆ ಒಂದರಲ್ಲಿ ಮೂರಂತಸ್ತಿನ ಕಿರೀಟ, ಇನ್ನೊಂದರಲ್ಲಿ ಸಾದಾ ಕಿರೀಟ. ಯಾವುದು ನಕಲಿ ಅಂತ ಕೇಳಿದ್ದೀರಿ. ಯಾವುದೂ ಅಲ್ಲ. ಎರಡೂ ಒಂದೇ ಮರದ ಅಚ್ಚಿನಿಂದ ಬಂದವು.

ಮೊದಲನೆಯದು ಸೆಪ್ಟೆಂಬರ್‌ನಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಕೊನೆಯ ಭಾಗವಾದ ‘ಪ್ರಕಟನೆ’ಗೆ ಮಾತ್ರ ಪುಟ ತುಂಬುವ 21 ಚಿತ್ರಗಳಿವೆ, ಚಿತ್ರಗಾರ ಲೂಕಾಸ್ ಕ್ರಾನಾಖ್ ಕಾರ್ಯಾಗಾರದವು. ತಮಾಷೆ ಏನಂದ್ರೆ, ಲೂಥರ್‌ಗೆ ಆ ಭಾಗದ ಮೇಲೆ ಅಷ್ಟೇನೂ ಒಲವಿರಲಿಲ್ಲ, ಅದನ್ನು ಮುನ್ನುಡಿಯಲ್ಲೇ ಬರೆದಿದ್ದರು. ಆದರೆ ಮೃಗ, ಬೆಂಕಿ, ಭೂಕಂಪ ಎಲ್ಲ ಇರುವ ಕಥೆಯನ್ನು ಚಿತ್ರಗಾರ ಬಿಡುತ್ತಾನಾ? 1498ರಲ್ಲೇ ಡ್ಯೂರರ್ ಎಂಬ ಜರ್ಮನ್ ಚಿತ್ರಗಾರ ಇದಕ್ಕೆ 15 ಚಿತ್ರ ಮಾಡಿದ್ದರು. ಕ್ರಾನಾಖ್ ಅದೇ ಜಾಡು ಹಿಡಿದರು. ಜೊತೆಗೆ ಮೃಗದ ಮೇಲೆ ಕೂತ ಆ ಹೆಂಗಸಿನ, ಅಂದರೆ ‘ಬ್ಯಾಬಿಲೋನಿನ ವೇಶ್ಯೆ’ಯ ತಲೆಗೆ ಪೋಪ್ ತೊಡುವ ಮೂರಂತಸ್ತಿನ ಕಿರೀಟವನ್ನೇ ತೊಡಿಸಿಬಿಟ್ಟರು. ಓದಲು ಬಾರದವರಿಗೂ ಬೈಗುಳ ಯಾರಿಗೆ ಅಂತ ತಿಳಿಯುವ ಹಾಗೆ!

ಗಲಾಟೆ ಆಗದೆ ಇರುತ್ತಾ? ಪಕ್ಕದ ಸೀಮೆಯ ದೊರೆ, ಪೋಪ್ ಪರ ಇದ್ದ ಡ್ಯೂಕ್ ಜಾರ್ಜ್ ನವೆಂಬರ್‌ನಲ್ಲಿ ಪುಸ್ತಕವನ್ನೇ ನಿಷೇಧಿಸಿದರು. ಡಿಸೆಂಬರ್‌ನಲ್ಲಿ ಎರಡನೇ ಮುದ್ರಣ ಬಂದಾಗ ಕಿರೀಟದ ಮೇಲಿನ ಅಂತಸ್ತುಗಳು ಮಾಯ.

ನಾನು ಕಾಲೇಜಿನಲ್ಲಿ ಮರದ ಅಚ್ಚು ಕೆತ್ತಲು ಕಲಿತವನು. ಇಲ್ಲಿ ಗೆರೆ ಕೊರೆಯುವುದಲ್ಲ, ಗೆರೆಯ ಎರಡೂ ಬದಿಯ ಮರವನ್ನು ಉಳಿಯಿಂದ ತೆಗೆಯುವುದು. ಉಬ್ಬಿ ನಿಂತದ್ದಕ್ಕೆ ಮಾತ್ರ ಶಾಯಿ ಹತ್ತುತ್ತದೆ. ಹಾಗಾಗಿ ಅಳಿಸುವುದು ಸುಲಭ, ಐದು ನಿಮಿಷದ ಕೆಲಸ. ಸೇರಿಸುವುದು ಮಾತ್ರ ತಲೆನೋವು. ಒಮ್ಮೆ ಉಳಿ ಜಾರಿ ಒಂದು ಮುಖದ ಮೂಗೇ ಹಾರಿಹೋಯಿತು. ಅಲ್ಲಿ ತೂತು ಕೊರೆದು, ಚೂರು ಮರ ಬಡಿದು, ಸಮ ಮಾಡಿ ಮತ್ತೆ ಕೆತ್ತಬೇಕಾಯಿತು. ಆದರೂ ಅದು ಮೂಗಿನ ಹಾಗೆ ಕಾಣಲಿಲ್ಲ ಬಿಡಿ.

ತಾಮ್ರದ ತಗಡಿನ ಚಿತ್ರ ಇನ್ನೂ ನಾಜೂಕು, ಆದರೆ ಅದರಲ್ಲಿ ಶಾಯಿ ಇರುವುದು ಕೊರೆದ ಗುಳಿಯೊಳಗೆ. ಅದಕ್ಕೆ ಬೇರೆಯದೇ ಯಂತ್ರ ಬೇಕು. ಮರದ ಅಚ್ಚಾದರೆ ಅಕ್ಷರದ ಅಚ್ಚುಮೊಳೆಗಳಷ್ಟೇ ಎತ್ತರಕ್ಕೆ ಮಾಡಿ, ಅಕ್ಷರಗಳ ಜೊತೆಗೇ ಕೂರಿಸಿ ಒಂದೇ ಒತ್ತಿಗೆ ಮುದ್ರಿಸಬಹುದು. ಮತ್ತೊಂದು ಪುಸ್ತಕಕ್ಕೂ ಬಳಸಬಹುದು, ಮಾರಲೂಬಹುದು. 1527ರಲ್ಲಿ ಅದೇ ಡ್ಯೂಕ್ ಬೆಂಬಲದಿಂದ, ಲೂಥರ್‌ಗೆ ಎದುರಾಗಿ, ಎಮ್ಸರ್ ಎಂಬ ಪಾದ್ರಿಯ ಹೊಸ ಒಡಂಬಡಿಕೆ ಬಂತು. ಅದರಲ್ಲೂ ಕ್ರಾನಾಖ್ ಚಿತ್ರಗಳೇ! ವ್ಯಾಪಾರ ಅಂದ್ರೆ ವ್ಯಾಪಾರ.

1534ರಲ್ಲಿ ಲೂಥರ್‌ರ ಪೂರ್ತಿ ಬೈಬಲ್‌ಗೆ ಹೊಸ ಅಚ್ಚುಗಳನ್ನು ಕೆತ್ತಿಸಿದರು. ಮೂರಂತಸ್ತಿನ ಕಿರೀಟ ವಾಪಸ್ ಬಂತು.

ನಿಮ್ಮ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ತಲೆಯ ಮೇಲೆ ಮರ ತೆಗೆದ ಜಾಗ ಸುಮ್ನೆ ಬೆಳ್ಳಗೆ ಉಳಿದಿದೆ.