ಕ್ರಿಸ್‌ಮಸ್‌ಗೆ ಶಾಪಿಂಗ್ ಕಡಿಮೆ ಮಾಡಿ ದಾನ ಕೊಡುವುದು ಈಗಿನ ಹೊಸ ರೂಢಿಯಾ? ಮೈಸೂರಿನಲ್ಲಿ ಹೇಗೆ ಶುರು ಮಾಡಬಹುದು?

ಹೊಸದಲ್ಲ. ಬೈಬಲ್‌ನ ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲೇ ಇದೆ: ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ. ಸಾಂಟಾ ಅಜ್ಜನ ಮೂಲವಾದ ಸಂತ ನಿಕೋಲಸ್ 4ನೇ ಶತಮಾನದ ಬಿಷಪ್. ಬಡವನೊಬ್ಬನ ಮೂರು ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಗುಟ್ಟಾಗಿ ಹಣದ ಗಂಟು ಎಸೆದು ಹೋದರು ಅನ್ನೋ ಕಥೆ ಅವರದೇ. ಇತ್ತೀಚಿನದು ಅಂದರೆ, 2006ರಲ್ಲಿ ಅಮೆರಿಕದ ಕೆಲವು ಪಾಸ್ಟರ್‌ಗಳು ಶುರು ಮಾಡಿದ ‘ಅಡ್ವೆಂಟ್ ಕಾನ್‌ಸ್ಪಿರಸಿ’ ಅನ್ನೋ ಅಭಿಯಾನ. ಉಡುಗೊರೆಗೆ ಸುರಿಯುವ ದುಡ್ಡಲ್ಲಿ ಸ್ವಲ್ಪ ಉಳಿಸಿ, ಕುಡಿಯುವ ನೀರಿಲ್ಲದ ಊರುಗಳಿಗೆ ಕೊಡಿ ಅಂದರು.

ನಮ್ಮ ಮನೆಯಲ್ಲೂ ಡಿಸೆಂಬರ್ ಬಂದರೆ ದೇವರಾಜ ಅರಸು ರಸ್ತೆಗೆ ಮೂರು ನಾಲ್ಕು ಸಲ ಓಡಾಟ. ತಲಾ ಎರಡು ಜೊತೆ ಬಟ್ಟೆ, ಹೊಸ ಸ್ಟಾರ್, ಹೊಸ ಲೈಟು. ಒಂದು ವರ್ಷ ಒಂದೇ ಜೊತೆ ಸಾಕು ಅಂದೆವು. ಉಳಿದ ದುಡ್ಡಲ್ಲಿ ಕಂಬಳಿ ತಗೊಂಡು, ಆಸ್ಪತ್ರೆ ಹೊರಗೆ ಮಲಗುವ ರೋಗಿಗಳ ಕಡೆಯವರಿಗೆ ಕೊಟ್ಟೆವು. ಒಬ್ಬ ಅಜ್ಜಿ ಕಂಬಳಿ ಬಿಚ್ಚಿದವರೇ ಪಕ್ಕದಲ್ಲಿ ಮಲಗಿದ್ದ ಮೊಮ್ಮಗನಿಗೆ ಹೊದಿಸಿದರು. ಅವರಿಗೆ ಇನ್ನೊಂದು ಕೊಡೋಣ ಅಂದರೆ ನಮ್ಮ ಹತ್ತಿರ ಖಾಲಿ. ಅದು ಇವತ್ತಿಗೂ ಕಾಡುತ್ತೆ.

ಹಬ್ಬ ಬಿಡಬೇಕಿಲ್ಲ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ, ರೋಸ್ ಕುಕ್ಕೀಸ್ ಕರಿಯಿರಿ, ಅಕ್ಕಪಕ್ಕದವರಿಗೆ ಹಂಚಿ. ಸುಮ್ನೆ ಹಳೇ ಬಟ್ಟೆ ಗಂಟು ಕಟ್ಟಿ ಕೊಡೋದು ಮಾತ್ರ ಬೇಡ. ಏನು ಬೇಕು ಅಂತ ಮೊದಲು ಕೇಳಿ. ನಿಮ್ಮ ಚರ್ಚ್‌ನಲ್ಲಿ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ಇದ್ದರೆ ಅವರನ್ನು ವಿಚಾರಿಸಿ. ಯಾವ ಮನೆಗೆ ರೇಷನ್ ಬೇಕು, ಯಾರಿಗೆ ಔಷಧಿ ಬೇಕು ಅಂತ ಅವರಿಗೆ ಗೊತ್ತಿರುತ್ತೆ.